ಕಾಡಿನ ಮಕ್ಕಳ ಸಾಕ್ಷ್ಯ: ಬ್ರೆಜಿಲ್ ದೇಶದ ಆದಿವಾಸಿ ತರುಣರೂ ಅವರ ಯಂತ್ರಸಾಧನಗಳೂ

ಭೂಮಿಯ ವ್ಯಾಜ್ಯದಲ್ಲಿ ಕಾಗದಕ್ಕೆ ಇರುವ ಬೆಲೆ ಬಾಯಿಮಾತಿಗೆ ಇಲ್ಲವೆಂಬುದು ಲೋಕಾನುಭವ. ಹತ್ತು ತಲೆಮಾರುಗಳಿಂದ ಒಂದು ನೆಲದಲ್ಲಿ ಬಾಳಿ ಬಂದವನು ಪತ್ರವಿಲ್ಲದ ಕಾರಣದಿಂದ ಅತಿಕ್ರಮಣಕಾರನೆನಿಸಿಕೊಳ್ಳುತ್ತಾನೆ. ನಿನ್ನೆ ಬಂದವನು ಮೊಹರು ಒತ್ತಿದ ಪತ್ರವೊಂದನ್ನು ತೋರಿಸಿ ಒಡೆಯನಾಗುತ್ತಾನೆ. ಬರೆಹದ ಹಂಗಿಲ್ಲದೆ ನುಡಿಯನ್ನೇ ನಂಬಿ ಬಾಳಿದ ಅರಣ್ಯವಾಸಿಗಳ ಪಾಡು ಅನೇಕ ದೇಶಗಳಲ್ಲಿ ಹೀಗೆಯೇ ಆಗಿದೆ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ ಇಂಥ ಜನರ ಹೊಸ ತಲೆಮಾರಿನವರು ಕಳೆದ ಅರ್ಧ ಶತಮಾನದಿಂದ ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಟೇಪ್ ರೆಕಾರ್ಡರು, ವಿಡಿಯೊ ಕ್ಯಾಮರಾ, ಈಚೆಗೆ ಡ್ರೋನು ಇವು ಪಟ್ಟಣಿಗರ ಕೈಯಲ್ಲಿ ಬಹುಮಟ್ಟಿಗೆ ಮನೋರಂಜನೆಯ ವಸ್ತುಗಳು. ಅವರ ಕೈಯಲ್ಲಿ ಸಾಕ್ಷ್ಯದ ಸಾಧನಗಳು. ಆ ಪ್ರಯತ್ನದಿಂದ ಏನು ದೊರಕಿತು, ಏನು ದೊರಕದೆ ಹೋಯಿತು ಎಂಬುದು ವಿಚಾರಯೋಗ್ಯವಾಗಿದೆ.

2022ರ ಜನಗಣತಿಯ ಪ್ರಕಾರ ಬ್ರೆಜಿಲ್ಲಿನ ಸುಮಾರು 20 ಕೋಟಿ 30 ಲಕ್ಷ ಜನರಲ್ಲಿ ಮೂಲನಿವಾಸಿಗಳು ಸುಮಾರು 17 ಲಕ್ಷ ಮಾತ್ರ, ಎಂದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅವರದೆಂದು ಗುರುತಿಸಲಾದ ನೆಲವಾದರೋ ದೇಶದ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 13ಕ್ಕಿಂತ ಹೆಚ್ಚಾಗಿದೆ. ಇಷ್ಟು ಕೊಂಚ ಜನಕ್ಕೆ ಇಷ್ಟೊಂದು ನೆಲವೇಕೆ ಎಂಬ ಪ್ರಶ್ನೆಯನ್ನು ಆ ದೇಶದ ದೊಡ್ಡ ಹಿಡುವಳಿದಾರರು ಪದೇ ಪದೇ ಎತ್ತುತ್ತಾರೆ. ಇದಕ್ಕೆ ಉಪಗ್ರಹದ ಚಿತ್ರಗಳೇ ಉತ್ತರ ಹೇಳಿವೆ. ಭೂಬಳಕೆಯ ಅಧ್ಯಯನ ನಡೆಸುವ ಮಾಪ್‌ಬಯೋಮಾಸ್ ಎಂಬ ಬ್ರೆಜಿಲ್ಲಿನ ಸಂಶೋಧಕರ ಕೂಟವು 1990ರಿಂದ 2020ರವರೆಗಿನ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಖಾಸಗಿ ಒಡೆತನದ ಭೂಮಿಯಲ್ಲಿ ಸಹಜ ಸಸ್ಯಸಂಪತ್ತು ಶೇಕಡಾ 20.6ರಷ್ಟು ನಾಶವಾಗಿತ್ತು, ಆದಿವಾಸಿಗಳ ನೆಲದಲ್ಲಿ ಶೇಕಡಾ 1ರಷ್ಟು. ಕಾಡನ್ನು ಉಳಿಸುವ ಮಾತಿಗೂ ಕಾಡಿನ ಜನರನ್ನು ಉಳಿಸುವ ಮಾತಿಗೂ ಅಲ್ಲಿ ವ್ಯತ್ಯಾಸವಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ಬಹುಕಾಲದವರೆಗೆ ಆ ಜನರಿಗೆ ತಮ್ಮ ಪರವಾಗಿ ತಾವೇ ಮಾತನಾಡುವ ಅಧಿಕಾರವಿರಲಿಲ್ಲ. 1916ರ ಸಿವಿಲ್ ಸಂಹಿತೆಯೂ 1973ರ ಆದಿವಾಸಿ ಶಾಸನವೂ ಅವರನ್ನು ಸರಕಾರದ ಪಾಲನೆಯಲ್ಲಿರತಕ್ಕವರೆಂದು ಎಣಿಸಿದ್ದವು. ಅಪ್ರಾಪ್ತವಯಸ್ಕನಾದ ಬಾಲಕನ ಆಸ್ತಿಯನ್ನು ಪೋಷಕನು ನೋಡಿಕೊಳ್ಳುವಂತೆ, ಎಂಬತ್ತು ವರ್ಷದ ಮುದುಕನ ಪರವಾಗಿಯೂ 1967ರಲ್ಲಿ ಸ್ಥಾಪಿತವಾದ ಫುನಾಯ್ ಎಂಬ ಇಲಾಖೆಯೇ ಮಾತನಾಡಬೇಕಾಗಿತ್ತು. ಇತ್ತ ಅವರ ನೆಲವನ್ನು ಕಬಳಿಸುವವರಿಗೆ ಪತ್ರಗಳ ಕೊರತೆ ಎಂದೂ ಇರಲಿಲ್ಲ. ಸುಳ್ಳು ಪತ್ರಗಳಿಂದ ಭೂಮಿಯನ್ನು ಹೊಡೆದುಕೊಳ್ಳುವ ವಿದ್ಯೆಗೆ ಆ ದೇಶದ ಪೋರ್ಚುಗೀಸ್ ಭಾಷೆಯಲ್ಲಿ ‘ಗ್ರಿಲಾಜೆಂ’ ಎಂಬ ಹೆಸರಿದೆ. ‘ಗ್ರಿಲೊ’ ಎಂದರೆ ಚಿಮ್ಮಂಡೆ ಹುಳು. ಹೊಸದಾಗಿ ಬರೆದ ಕ್ರಯಪತ್ರವನ್ನು ಚಿಮ್ಮಂಡೆಗಳೊಡನೆ ಪೆಟ್ಟಿಗೆಯಲ್ಲಿ ಹಾಕಿಟ್ಟರೆ, ಅವು ಅದನ್ನು ಕಡಿದು, ಹೇಸಿಗೆ ಮಾಡಿ, ಕೆಲವೇ ವಾರಗಳಲ್ಲಿ ನೂರು ವರ್ಷದ ಹಳೆಯ ಪತ್ರದಂತೆ ಕಾಣಿಸುತ್ತವೆಯಂತೆ. ಹುಳುವಿನ ಸಾಕ್ಷ್ಯಕ್ಕೆ ದೊರೆತ ಮಾನ್ಯತೆ ಮನುಷ್ಯನ ಸಾಕ್ಷ್ಯಕ್ಕೆ ದೊರೆಯಲಿಲ್ಲವೆನ್ನಬೇಕು.

ಈ ಸ್ಥಿತಿಗೆ ಎದುರಾಗಿ ಯಂತ್ರವೊಂದನ್ನು ಕೈಗೆತ್ತಿಕೊಂಡವರಲ್ಲಿ ಶಾವಾಂತೆ ಜನಾಂಗದ ಮಾರಿಯೊ ಜುರೂನ ಅವರ ಹೆಸರು ಚಿರಸ್ಮರಣೀಯವಾದುದು. ಮಾತೊ ಗ್ರೊಸೊ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು ಹದಿಹರೆಯದವರೆಗೆ ಹೊರಗಿನ ಸಮಾಜದ ಸಂಪರ್ಕವನ್ನೇ ಕಂಡವರಲ್ಲ. 1970ರ ದಶಕದಲ್ಲಿ, ಸೈನಿಕ ಆಡಳಿತ ನಡೆಯುತ್ತಿದ್ದ ದಿನಗಳಲ್ಲಿ, ತಮ್ಮವರ ನೆಲದ ಗಡಿಯನ್ನು ಗುರುತಿಸಿಕೊಡಬೇಕೆಂದು ಕೇಳಲು ಅವರು ರಾಜಧಾನಿಯಾದ ಬ್ರಸೀಲಿಯಕ್ಕೆ ಹೋಗಿ ಬರತೊಡಗಿದರು. ಅಧಿಕಾರಿಗಳು ಇಲ್ಲವೆನ್ನುತ್ತಿರಲಿಲ್ಲ, ಆಗಲಿ ಎನ್ನುತ್ತಿದ್ದರು. ಆದರೆ ಆಡಿದ ಮಾತು ನಡೆಗೆ ಇಳಿಯುತ್ತಿರಲಿಲ್ಲ. ಜುರೂನ ಒಂದು ಟೇಪ್ ರೆಕಾರ್ಡರನ್ನು ಸಂಪಾದಿಸಿಕೊಂಡರು. ಅಲ್ಲಿಂದ ಮುಂದೆ ಯಾವ ಕಚೇರಿಗೆ ಹೋದರೂ ಅದನ್ನು ಕಾಣುವಂತೆ ಹಿಡಿದುಕೊಂಡೇ ಹೋದರು. ಅಧಿಕಾರಿಯ ಮಾತೆಲ್ಲ ಸುರುಳಿಯಲ್ಲಿ ಸೇರಿತು. ಕೊಟ್ಟ ಮಾತು ತಪ್ಪಿದಾಗ ಪತ್ರಕರ್ತರ ಮುಂದೆ ಆ ಸುರುಳಿ ಮಾತನಾಡಿತು. ಬಿಳಿಯರು ಬರೆದುದನ್ನು ಮಾತ್ರ ನಂಬುತ್ತಾರೆ, ಆಡಿದುದನ್ನು ಮರೆಯುತ್ತಾರೆ ಎಂಬ ಕಟು ಸತ್ಯವನ್ನು ಅರಿತು, ಬರೆಯದೆಯೇ ಬರೆದಿಡುವ ಮಾರ್ಗವನ್ನು ಅವರು ಹಿಡಿದರು. ನುಡಿದಂತೆ ನಡೆಯಬೇಕೆಂಬ ಶರಣರ ಕಟ್ಟಳೆಯನ್ನು ಬಲ್ಲ ವಾಚಕರಿಗೆ ಈ ಯಂತ್ರದ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

1980ರ ನವೆಂಬರಿನಲ್ಲಿ ಹಾಲೆಂಡಿನ ರಾಟರ್‌ಡ್ಯಾಂ ನಗರದಲ್ಲಿ ಅಮೆರಿಕ ಖಂಡಗಳ ಮೂಲನಿವಾಸಿಗಳ ಹಕ್ಕುಗಳನ್ನು ಕುರಿತು ರಸೆಲ್ ನ್ಯಾಯಮಂಡಲಿ ಸೇರಿದಾಗ ಜುರೂನ ಅವರಿಗೂ ಆಹ್ವಾನ ಬಂದಿತು. ಪೋಷಕನ ಸ್ಥಾನದಲ್ಲಿದ್ದ ಸರಕಾರ ಅನುಮತಿ ನಿರಾಕರಿಸಿತು. ನ್ಯಾಯಾಲಯದ ಮೆಟ್ಟಿಲೇರಿ ಅವರು ಪಾಸ್‌ಪೋರ್ಟನ್ನು ಪಡೆಯಬೇಕಾಯಿತು. ಎರಡು ವರ್ಷಗಳ ತರುವಾಯ, 1982ರಲ್ಲಿ, ರಿಯೊ ಡಿ ಜನೈರೊ ಪ್ರಾಂತದ ಮತದಾರರು ಅವರನ್ನು ರಾಷ್ಟ್ರೀಯ ಸಂಸತ್ತಿಗೆ ಆರಿಸಿ ಕಳಿಸಿದರು. ಆ ಸಭೆಯನ್ನು ಪ್ರವೇಶಿಸಿದ ಮೊದಲ ಆದಿವಾಸಿ ಅವರೇ. ಕಾನೂನಿನ ದೃಷ್ಟಿಯಲ್ಲಿ ಇನ್ನೂ ಪಾಲನೆಗೆ ಒಳಪಟ್ಟಿದ್ದ ವ್ಯಕ್ತಿಯೊಬ್ಬರು ಕಾನೂನನ್ನು ಮಾಡುವ ಸ್ಥಾನದಲ್ಲಿ ಕುಳಿತದ್ದು ಇತಿಹಾಸದ ಒಂದು ವಿನೋದ. 2002ರಲ್ಲಿ ಅವರು ನಿಧನ ಹೊಂದಿದರು.

ಧ್ವನಿಯ ತರುವಾಯ ಚಿತ್ರದ ಸರದಿ. 1985ರ ಸುಮಾರಿಗೆ ಕಯಪೊ ಜನಾಂಗದ ತರುಣರು ಬ್ರೆಜಿಲ್ಲಿನ ಕೆಲವು ಸಂಶೋಧಕರ ನೆರವಿನಿಂದ ವಿಡಿಯೊ ಕ್ಯಾಮರಾ ನಡೆಸುವುದನ್ನು ಕಲಿತರು. ಹಬ್ಬ, ಕುಣಿತ, ನಾಮಕರಣದ ವಿಧಿಗಳು ಇವನ್ನೆಲ್ಲ ಚಿತ್ರಿಸಿ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಕಳಿಸಿದರು. ಅಧಿಕಾರಿಗಳೊಡನೆ ನಡೆದ ಮಾತುಕತೆಗಳನ್ನೂ ಬಿಡಲಿಲ್ಲ. 1989ರ ಫೆಬ್ರವರಿಯಲ್ಲಿ ಶಿಂಗು ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ವಿರೋಧಿಸಿ ಅಲ್ತಮೀರ ಪಟ್ಟಣದಲ್ಲಿ ನಡೆದ ಮಹಾಸಭೆಯಲ್ಲಿ, ಜಗತ್ತಿನ ಪತ್ರಕರ್ತರು ಕಯಪೊಗಳ ಚಿತ್ರ ತೆಗೆಯುತ್ತಿರಲು ಕಯಪೊ ತರುಣರು ತಮ್ಮ ಕ್ಯಾಮರಾಗಳಿಂದ ಸಭೆಯನ್ನು ತಾವೇ ಚಿತ್ರಿಸಿಕೊಂಡರು. ತುಯೀರ ಎಂಬ ತರುಣಿಯು ವಿದ್ಯುತ್ ಸಂಸ್ಥೆಯ ಅಧಿಕಾರಿಯ ಕೆನ್ನೆಗೆ ಮಚ್ಚಿನ ಅಲಗನ್ನು ಮೆಲ್ಲನೆ ತಾಗಿಸಿದ ದೃಶ್ಯ ದೇಶದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಅದೇ ವರ್ಷ ವಿಶ್ವಬ್ಯಾಂಕು ಬ್ರೆಜಿಲ್ಲಿನ ವಿದ್ಯುತ್ ಯೋಜನೆಗಳಿಗೆ ಕೊಡಲಿದ್ದ ಸಾಲವನ್ನು ಕೈಬಿಟ್ಟಿತು. ಆದರೆ ಜಯ ಶಾಶ್ವತವಾಗಲಿಲ್ಲ. ಅದೇ ನದಿಗೆ ಬೆಲೊ ಮೊಂಚೆ ಎಂಬ ಹೆಸರಿನಲ್ಲಿ ಅಣೆಕಟ್ಟು ಎದ್ದು 2016ರಲ್ಲಿ ವಿದ್ಯುತ್ತನ್ನು ಉತ್ಪಾದಿಸತೊಡಗಿತು. ಒಂದು ಚಿತ್ರ ಒಂದು ಸಾಲವನ್ನು ತಡೆಯಬಹುದು. ನದಿಯ ಕಾವಲಿಗೆ ಅದು ಸಾಲದು.

ನಂಬಿಕ್ವಾರ ಜನಾಂಗದಲ್ಲಿ ನಡೆದ ಒಂದು ಪ್ರಸಂಗ ಶಿಕ್ಷಕರ ವಿಶೇಷ ಗಮನಕ್ಕೆ ಅರ್ಹವಾಗಿದೆ. ವಿನ್ಸೆಂಟ್ ಕರೆಲ್ಲಿ ಎಂಬವರು 1986ರ ಸುಮಾರಿನಲ್ಲಿ ‘ವಿಡಿಯೊ ನಾಸ್ ಅಲ್ದೇಯಾಸ್’, ಎಂದರೆ ಹಳ್ಳಿಗಳಲ್ಲಿ ವಿಡಿಯೊ, ಎಂಬ ಕಾರ್ಯವನ್ನು ಆರಂಭಿಸಿ ಮೊದಲು ಆ ಜನರಲ್ಲಿಗೆ ಹೋದರು. ಹರೆಯಕ್ಕೆ ಬಂದ ಹುಡುಗಿಯರಿಗೆ ಮಾಡುವ ವಿಧಿಯೊಂದನ್ನು ಚಿತ್ರಿಸಿ ಅಂದೇ ಅವರಿಗೆ ತೋರಿಸಲಾಯಿತು. ತಮ್ಮನ್ನು ತಾವು ಪರದೆಯ ಮೇಲೆ ನೋಡಿದ ಜನರಿಗೆ ಸಂತೋಷಕ್ಕಿಂತ ಅಸಮಾಧಾನವೇ ಹೆಚ್ಚಾಯಿತು. ಇದೇನು, ಎಲ್ಲರೂ ಪೇಟೆಯ ಬಟ್ಟೆ ತೊಟ್ಟಿದ್ದೇವೆ, ಹಿರಿಯರು ಮಾಡುತ್ತಿದ್ದಂತೆ ಮಾಡಿಲ್ಲ ಎಂದು ಅವರು ತಮ್ಮನ್ನೇ ಆಕ್ಷೇಪಿಸಿಕೊಂಡು ವಿಧಿಯನ್ನು ಮತ್ತೊಮ್ಮೆ ಸಾಂಗವಾಗಿ ನಡೆಸಿದರು. ಅಷ್ಟಕ್ಕೇ ನಿಲ್ಲದೆ, ಇಪ್ಪತ್ತು ವರ್ಷಗಳಿಂದ ಬಿಟ್ಟುಹೋಗಿದ್ದ ಮೂಗು ತುಟಿಗಳನ್ನು ಚುಚ್ಚುವ ಸಂಸ್ಕಾರವನ್ನು ಕ್ಯಾಮರಾದ ಮುಂದೆ ಪುನಃ ಆರಂಭಿಸಿದರು. ಹೊರಗಿನವರಿಗೆ ತೋರಿಸಲೆಂದು ತಂದ ಯಂತ್ರ ಮೊದಲು ಅವರಿಗೆ ಅವರನ್ನೇ ತೋರಿಸಿಕೊಟ್ಟಿತು. ಸಂಸ್ಕೃತಿಯ ರಕ್ಷಣೆ ಎಂಬ ಮಾತನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಡನೆ ಜೋಡಿಸಿ ಯೋಚಿಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬಹುದು.

ಇದೇ ಕಾಲದಲ್ಲಿ ಹೊಸ ಸಂವಿಧಾನದ ರಚನೆ ನಡೆದಿತ್ತು. 1987ರ ಸೆಪ್ಟೆಂಬರ್ 4ರಂದು ಕ್ರೆನಾಕ್ ಜನಾಂಗದ ತರುಣ ನಾಯಕ ಐಲ್ತನ್ ಕ್ರೆನಾಕ್ ಬಿಳಿಯ ಸೂಟು ಧರಿಸಿ ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಜೆನಿಪಾಪೊ ಹಣ್ಣಿನ ಕಪ್ಪು ಬಣ್ಣವನ್ನು ತಮ್ಮ ಮುಖಕ್ಕೆ ಸ್ವಲ್ಪಸ್ವಲ್ಪವಾಗಿ ಬಳಿದುಕೊಂಡರು. ಮಾತು ಮುಗಿಯುವ ವೇಳೆಗೆ ಮುಖವೆಲ್ಲ ಕಪ್ಪಾಗಿತ್ತು. ಅದು ಅವರಲ್ಲಿ ಶೋಕದ ಚಿಹ್ನೆ. ಕ್ಯಾಮರಾಗಳು ಅದನ್ನು ದೇಶಕ್ಕೆಲ್ಲ ತೋರಿಸಿದವು. 1988ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಸಂವಿಧಾನದ 231ನೆಯ ವಿಧಿಯು ಆದಿವಾಸಿಗಳು ಪರಂಪರೆಯಿಂದ ನೆಲೆಸಿದ ಭೂಮಿಯ ಮೇಲೆ ಅವರಿಗೆ ಮೂಲಭೂತವಾದ ಹಕ್ಕನ್ನು ಒಪ್ಪಿತು. 232ನೆಯ ವಿಧಿಯು ತಮ್ಮ ಹಕ್ಕುಗಳ ರಕ್ಷಣೆಗಾಗಿ ಅವರೇ ನ್ಯಾಯಾಲಯಕ್ಕೆ ಹೋಗಬಹುದೆಂದು ಸಾರಿತು. ಪಾಲನೆಗೆ ಒಳಪಟ್ಟವರು ಹೀಗೆ ವಾದಿಗಳಾದರು. ವಾದಿಯಾದವನಿಗೆ ಇನ್ನು ಬೇಕಾದುದು ಪ್ರಮಾಣ.

ಆ ಪ್ರಮಾಣವನ್ನು ಹೊಂದಿಸುವ ಕಷ್ಟವನ್ನು ತಿಳಿಯಲು ದೇಶದ ಪಶ್ಚಿಮದ ಅಂಚಿನಲ್ಲಿರುವ ರೊಂಡೋನಿಯ ಪ್ರಾಂತವನ್ನು ನೋಡಬೇಕು. ಇದು ಕರ್ನಾಟಕ ರಾಜ್ಯಕ್ಕಿಂತ ವಿಸ್ತೀರ್ಣದಲ್ಲಿ ತುಸು ದೊಡ್ಡದು. 1970ರಲ್ಲಿ ಅಲ್ಲಿ ಸುಮಾರು 1 ಲಕ್ಷ 11 ಸಾವಿರ ಜನರಿದ್ದರು. ಕಾಡಿನ ನಡುವೆ ಹಾದುಹೋದ 364ನೆಯ ಹೆದ್ದಾರಿಯನ್ನು 1980ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡಾಂಬರು ರಸ್ತೆಯನ್ನಾಗಿ ಮಾಡಲಾಯಿತು. ದಕ್ಷಿಣದ ಪ್ರಾಂತಗಳಿಂದ ಭೂಮಿಯಿಲ್ಲದ ರೈತರು ಲಾರಿಗಳಲ್ಲಿ ಬಂದಿಳಿದರು. 1991ರ ವೇಳೆಗೆ ಜನಸಂಖ್ಯೆ 11 ಲಕ್ಷವನ್ನು ಮೀರಿತು. ಬಂದವರಲ್ಲಿ ಬಹುಮಂದಿ ಬಡವರೇ ಎಂಬುದನ್ನು ಮರೆಯಬಾರದು. ಅವರ ಹಿಂದೆ ನಿಂತು ಲಾಭ ಪಡೆದವರು ಬೇರೆ. ಆದಿವಾಸಿಗಳಿಗೆ ಕೇಡು ಮಾಡಬಾರದೆಂದು ವ್ರತ ತೊಟ್ಟಿದ್ದ ಸೇನಾನಿ ರೊಂಡನ್ ಅವರ ಹೆಸರನ್ನೇ ಹೊತ್ತ ಪ್ರಾಂತದಲ್ಲಿ ಇಷ್ಟೆಲ್ಲ ನಡೆಯಿತು.

ಈ ಪ್ರಾಂತದ ನಡುವೆ ಉರು-ಎಉ-ವಾವ್-ವಾವ್ ಎಂಬ ಜನರಿದ್ದಾರೆ. ಇದು ಹೊರಗಿನವರಿಟ್ಟ ಹೆಸರು; ಅವರು ತಮ್ಮನ್ನು ಕರೆದುಕೊಳ್ಳುವುದು ಜುಪಾವು ಎಂದು. 1981ರಲ್ಲಿ ಸರಕಾರದವರು ಅವರನ್ನು ಸಂಪರ್ಕಿಸಿದರು. ಹಿಂದೆಯೇ ಬಂದ ರೋಗಗಳಿಂದಲೂ ದಾಳಿಗಳಿಂದಲೂ ಆ ಜನ ಕ್ಷಯಿಸಿ ಇನ್ನೂರಕ್ಕಿಂತ ಕಡಿಮೆಯಾದರು. 1991ರಲ್ಲಿ ಅಧಿಕೃತವಾಗಿ ಗುರುತಿಸಲಾದ ಅವರ ನೆಲ 18,000 ಚದರ ಕಿಲೋಮೀಟರಿಗಿಂತ ಹೆಚ್ಚು, ಎಂದರೆ ಕರ್ನಾಟಕದ ಸುಮಾರು ಹತ್ತನೆಯ ಒಂದು ಪಾಲು. ಇಷ್ಟು ದೊಡ್ಡ ಕಾಡನ್ನು ಬೆರಳೆಣಿಕೆಯ ಜನ ಕಾಯುವುದು ಹೇಗೆ?

ಕಬಳಿಕೆಯ ಕ್ರಮ ಹೀಗೆ ಸಾಗುತ್ತದೆ. ಮೊದಲು ಕಾಡಿನೊಳಗೆ ಒಂದು ಕಾಲುದಾರಿ ಮೂಡುತ್ತದೆ. ಬೆಲೆಬಾಳುವ ಮರಗಳು ಮಾಯವಾಗುತ್ತವೆ. ಉಳಿದುದನ್ನು ಕಡಿದು, ಬೇಸಗೆಯಲ್ಲಿ ಬೆಂಕಿಯಿಟ್ಟು, ಹುಲ್ಲಿನ ಬೀಜ ಎರಚಿ ದನಗಳನ್ನು ಬಿಡುತ್ತಾರೆ. ಬಳಿಕ ಕಾಗದದ ಕೆಲಸ. 2012ರ ಅರಣ್ಯ ಶಾಸನದ ಮೇರೆಗೆ ಏರ್ಪಟ್ಟ ಗ್ರಾಮೀಣ ಪರಿಸರ ದಾಖಲೆಯಲ್ಲಿ ಭೂಮಿಯ ವಿವರವನ್ನು ಹಿಡುವಳಿದಾರನು ತಾನೇ ಘೋಷಿಸಬಹುದಾದ್ದರಿಂದ ಚಿಮ್ಮಂಡೆಗಳ ಶ್ರಮವೂ ಈಗ ಬೇಕಿಲ್ಲ. ಅದು ಒಡೆತನದ ಪತ್ರವಲ್ಲವೆಂದು ಕಾನೂನು ಹೇಳಿದರೂ, ಮಾರುವವರೂ ಕೊಳ್ಳುವವರೂ ಅದನ್ನು ಹಾಗೆಯೇ ಉಪಯೋಗಿಸಿದರು.

ಇದನ್ನು ತಡೆಯಬೇಕಾದರೆ ಕಾಲುದಾರಿಯ ಹಂತದಲ್ಲಿಯೇ ಹಿಡಿಯಬೇಕು. ಬ್ರೆಜಿಲ್ಲಿನ ಬಾಹ್ಯಾಕಾಶ ಸಂಸ್ಥೆಯು 1988ರಿಂದ ಅಮೆಜಾನ್ ಕಾಡಿನ ನಾಶವನ್ನು ವರ್ಷಂಪ್ರತಿ ಅಳೆಯುತ್ತ ಬಂದಿದೆ. 2004ರಿಂದ ತ್ವರಿತ ಎಚ್ಚರಿಕೆಯ ವ್ಯವಸ್ಥೆಯೂ ಇದೆ. ಆದರೆ ಮೋಡ ಮುಚ್ಚಿದಾಗ, ಅಥವಾ ಹಸುರು ಚಪ್ಪರದ ಕೆಳಗೆ ಒಂದೊಂದೇ ಮರ ಕಡಿದಾಗ, ಆಕಾಶದ ಕಣ್ಣಿಗೆ ಅದು ಕಾಣುವುದು ಕಷ್ಟ. ನಡೆದು ಹೋಗಿ ನೋಡಿದರೆ ಬಂದೂಕು ಹಿಡಿದವರ ಎದುರಿಗೇ ಹೋದಂತೆ. ಈ ಎರಡರ ನಡುವಣ ಅಂತರವನ್ನು ಡ್ರೋನು ತುಂಬಿತು. 2019ರ ಡಿಸೆಂಬರಿನಲ್ಲಿ ಕನಿಂದೆ ಎಂಬ ಸ್ಥಳೀಯ ಸಂಸ್ಥೆಯೂ ವಿಶ್ವ ವನ್ಯಜೀವಿ ನಿಧಿಯ ಬ್ರೆಜಿಲ್ ಶಾಖೆಯೂ ಸೇರಿ ರೊಂಡೋನಿಯದ ಆದಿವಾಸಿ ತರುಣರಿಗೆ ಅದನ್ನು ಹಾರಿಸುವ ಶಿಕ್ಷಣ ಕೊಟ್ಟವು. ದೂರದ ಮರೆಯಲ್ಲಿ ನಿಂತು ಡ್ರೋನನ್ನು ಮೇಲಕ್ಕೆ ಕಳಿಸಿದರೆ, ಹೊಸದಾಗಿ ಕಡಿದ ಜಾಗದ ಚಿತ್ರ ದೊರೆಯುತ್ತದೆ. ಚಿತ್ರದೊಡನೆ ಅಕ್ಷಾಂಶ, ರೇಖಾಂಶ, ದಿನ, ವೇಳೆ ಎಲ್ಲವೂ ದಾಖಲಾಗುತ್ತವೆ. ಇವನ್ನೆಲ್ಲ ಜೋಡಿಸಿದ ದೂರನ್ನು ಫುನಾಯ್ ಇಲಾಖೆಗೂ, ಕೇಂದ್ರ ಪೊಲೀಸರಿಗೂ, ಸರಕಾರಿ ಅಭಿಯೋಜಕರಿಗೂ ಕಳಿಸಬಹುದು. ಕಾಡಿನಲ್ಲಿ ಮರ ಕಡಿಯುತ್ತಿದ್ದಾರೆ ಎಂಬ ಬಾಯಿಮಾತನ್ನು ಕಡತದ ಕೆಳಗೆ ತಳ್ಳುವುದು ಸುಲಭ. ಇಂಥ ಸ್ಥಳದಲ್ಲಿ, ಇಂಥ ದಿನ, ಇಷ್ಟು ನೆಲ ಎಂಬ ಚಿತ್ರವನ್ನು ತಳ್ಳುವುದು ಅಷ್ಟು ಸುಲಭವಲ್ಲ. ತಳ್ಳಿದರೂ ಅದೇ ಚಿತ್ರ ಪತ್ರಿಕೆಗಳ ಕೈಗೆ ಸೇರೀತೆಂಬ ಅಳುಕು ಉಂಟು.

ಸಾಕ್ಷಿಗೆ ಅಪಾಯ ತಪ್ಪಿದ್ದಲ್ಲ. ಜುಪಾವು ಕಾವಲು ತಂಡದಲ್ಲಿ ಆರಿ ಎಂಬ ಮೂವತ್ತರ ಹರೆಯದ ತರುಣರೊಬ್ಬರಿದ್ದರು. ತಮ್ಮ ಊರಿನ ಶಾಲೆಯಲ್ಲಿ ಅವರು ಉಪಾಧ್ಯಾಯರು. ಮಕ್ಕಳಿಗೆ ಪಾಠ ಹೇಳುವುದರೊಡನೆ ಗಸ್ತು ತಿರುಗಿ ಮರಗಳ್ಳರ ಕುರುಹುಗಳನ್ನು ದಾಖಲಿಸಿ ದೂರು ಕೊಡುವುದು ಅವರ ಕಾಯಕವಾಗಿತ್ತು. ಅವರಿಗೆ ಬೆದರಿಕೆಗಳು ಬಂದಿದ್ದವು. 2020ರ ಏಪ್ರಿಲ್ 18ರ ಬೆಳಗ್ಗೆ ಜರು ಎಂಬ ಊರಿನ ಬಳಿ ರಸ್ತೆಯ ಬದಿಯಲ್ಲಿ ಅವರ ಶವ ದೊರೆಯಿತು. ತಲೆಗೂ ಕುತ್ತಿಗೆಗೂ ಪೆಟ್ಟುಗಳಾಗಿದ್ದವು. 2024ರ ಏಪ್ರಿಲಿನಲ್ಲಿ ನ್ಯಾಯದರ್ಶಿಗಳ ಮಂಡಲಿಯು ಒಬ್ಬನನ್ನು ಅಪರಾಧಿಯೆಂದು ಹೇಳಿ, ಅವನಿಗೆ 18 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಕಾಡಿನ ಕಾವಲಿನ ಕೆಲಸವೇ ಆರಿಯವರ ಸಾವಿಗೆ ಕಾರಣವೆಂದು ಅವರ ಬಂಧುಗಳು ಹೇಳುತ್ತ ಬಂದಿದ್ದಾರೆ.

ಆರಿಯವರ ಬಾಲ್ಯದ ಗೆಳತಿ ಶಾಯ್ ಸುರುಯಿ. ಆಕೆಯ ತಂದೆ ಅಲ್ಮೀರ್ ಸುರುಯಿ ನೆರೆಯ ಪೈತೆರ್ ಸುರುಯಿ ಜನಾಂಗದ ನಾಯಕರು; ಉಪಗ್ರಹ ಭೂಪಟದಲ್ಲಿ ತಮ್ಮ ಹಸುರು ನೆಲವನ್ನೂ ಸುತ್ತಲಿನ ಬೋಳು ನೆಲವನ್ನೂ ಕಂಡು 2007ರಲ್ಲಿ ಗೂಗಲ್ ಸಂಸ್ಥೆಯವರೆಗೆ ಹೋಗಿ, ತಮ್ಮ ತರುಣರಿಗೆ ಭೂಪಟ ರಚನೆಯ ಶಿಕ್ಷಣವನ್ನು ಕೇಳಿ ಪಡೆದವರು. ತಾಯಿ ನೈಡಿನ್ಯಾ ಬಂಡೇರ ಕನಿಂದೆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಕಾನೂನು ವಿದ್ಯಾರ್ಥಿನಿಯಾಗಿದ್ದ ಶಾಯ್ 2021ರ ನವೆಂಬರ್ 1ರಂದು, ತಮ್ಮ 24ನೆಯ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದ ಉದ್ಘಾಟನೆಯಲ್ಲಿ ಜಗತ್ತಿನ ನಾಯಕರೆದುರು ಮಾತನಾಡಿದರು. ದೊರೆತ ಕೆಲವೇ ನಿಮಿಷಗಳಲ್ಲಿ ಅವರು ಆರಿಯವರ ಕೊಲೆಯನ್ನು ಹೆಸರೆತ್ತಿ ಹೇಳಿದರು. ಸ್ವದೇಶದ ರಾಷ್ಟ್ರಾಧ್ಯಕ್ಷರೇ ಆಕೆಯನ್ನು ಟೀಕಿಸಿದರು; ಬೆದರಿಕೆಗಳೂ ಬಂದವು.

ಜುಪಾವುಗಳ ಕಥೆಯನ್ನೇ ವಸ್ತುವಾಗುಳ್ಳ ‘ದಿ ಟೆರಿಟರಿ’ ಎಂಬ ಸಾಕ್ಷ್ಯಚಿತ್ರ 2022ರ ಜನವರಿಯಲ್ಲಿ ತೆರೆಕಂಡಿತು. ನಿರ್ದೇಶಕ ಅಲೆಕ್ಸ್ ಪ್ರಿಟ್ಸ್ ಅಮೆರಿಕದವರು. ಅದರ ನಿರ್ಮಾಣದ ನಡುವೆ ಕೋವಿಡ್ ಪಿಡುಗು ಹರಡಿತು. ಹೊರಗಿನ ರೋಗದಿಂದ ಒಮ್ಮೆ ನಾಶದ ಅಂಚಿಗೆ ಬಂದಿದ್ದ ಜನ ತಮ್ಮ ನೆಲದ ಬಾಗಿಲನ್ನು ಮುಚ್ಚಿದರು. ಇಪ್ಪತ್ತರ ಆಸುಪಾಸಿನಲ್ಲಿಯೇ ತಮ್ಮವರ ಸಂಘದ ನೇತೃತ್ವ ವಹಿಸಿದ ಬಿಟಾಟೆ ಎಂಬ ತರುಣನ ನಿಲುವು ಸ್ಪಷ್ಟವಾಗಿತ್ತು: ಹೊರಗಿನವರು ಯಾರೂ ಬರಕೂಡದು, ಕ್ಯಾಮರಾಗಳನ್ನು ಕಳಿಸಿರಿ, ಚಿತ್ರೀಕರಣ ನಾವು ಮಾಡುತ್ತೇವೆ. ಹಾಗೆಯೇ ಆಯಿತು. ಮರಗಳ್ಳರನ್ನು ಹಿಡಿಯಲು ಹೊರಟ ಗಸ್ತಿನ ದೃಶ್ಯಗಳನ್ನು ಜುಪಾವುಗಳೇ ತೆಗೆದರು. ತಾಂಗೈ ಎಂಬ ಅವರದೇ ಜನದ ಛಾಯಾಗ್ರಾಹಕನ ಹೆಸರು ನಿರ್ದೇಶಕರ ಹೆಸರಿನೊಡನೆ ಚಿತ್ರದಲ್ಲಿ ಸೇರಿತು. ಕಾಡು ಕಡಿಯುವ ಬಡ ವಲಸೆಗಾರರ ಮಾತನ್ನೂ ಆ ಚಿತ್ರ ಕೇಳಿಸುತ್ತದೆ. ಅದರ ಬಲಕ್ಕೆ ಇದೂ ಒಂದು ಕಾರಣ. 2024ರ ಜನವರಿಯಲ್ಲಿ ಅದಕ್ಕೆ ಅಮೆರಿಕದ ಎಮ್ಮಿ ಪ್ರಶಸ್ತಿ ಬಂದಿತು.

ಈ ಕಾಡಿನ ಇನ್ನೊಂದು ಸಂಗತಿ ಉಳಿಯಿತು. ಇದೇ ಗಡಿಯೊಳಗೆ, ಹೊರಗಿನ ಯಾರೊಡನೆಯೂ ಸಂಬಂಧ ಬೇಡವೆಂದು ದೂರ ಸರಿದಿರುವ ಕೆಲವು ಗುಂಪುಗಳಿವೆ. ಅವರಿಗೆ ಟೇಪು ಬೇಡ, ಕ್ಯಾಮರಾ ಬೇಡ, ಸಹಾನುಭೂತಿಯೂ ಬೇಡ. ತಾವಾಗಿ ಬಯಸದಿದ್ದರೆ ಇಂಥವರನ್ನು ಸಂಪರ್ಕಿಸಬಾರದೆಂಬ ನೀತಿಯನ್ನು ಬ್ರೆಜಿಲ್ 1987ರಲ್ಲಿ ಅಂಗೀಕರಿಸಿತು. ಅವರ ರಕ್ಷಣೆಗಾಗಿ ಬಾಳನ್ನೇ ಸವೆಸಿದ ಫುನಾಯ್ ಅಧಿಕಾರಿ ರಿಯೆಲಿ ಫ್ರಾನ್ಸಿಸ್ಕಾಟೊ 2020ರ ಸೆಪ್ಟೆಂಬರ್ 9ರಂದು, ಕಾಡಿನಂಚಿನ ಹಳ್ಳಿಗರಿಗೂ ಅವರಿಗೂ ಘರ್ಷಣೆಯಾಗದಿರಲೆಂದು ಹೋಗಿದ್ದಾಗ, ಅವರದೇ ಬಾಣ ಎದೆಗೆ ನಟ್ಟು ಮರಣ ಹೊಂದಿದರು. ಬಿಟ್ಟವರಿಗೆ ಮಿತ್ರನಾರು, ಶತ್ರುವಾರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆ ಗುಂಪುಗಳ ಪರವಾಗಿ ಅರ್ಜಿ ಬರೆಯುವವರು ಅವರೊಳಗೆ ಯಾರೂ ಇಲ್ಲ. ಅವರು ಇದ್ದಾರೆಂಬುದಕ್ಕೆ ಹೆಜ್ಜೆಯ ಗುರುತು, ಬಿಟ್ಟುಹೋದ ಬಾಣ, ಆರಿದ ಬೂದಿಯಂಥ ಕುರುಹುಗಳೇ ಆಧಾರ. ಗಸ್ತು ತಿರುಗುವಾಗ ಅಂಥ ಕುರುಹುಗಳನ್ನು ಕಂಡು, ಕಾಡಿನ ಈ ಭಾಗದಲ್ಲಿ ಇನ್ನೂ ಜನರಿದ್ದಾರೆ ಎಂದು ಸರಕಾರಕ್ಕೆ ತಿಳಿಸಬಲ್ಲವರು ನೆರೆಯವರಾದ ಜುಪಾವು ತರುಣರೇ.